ಹತ್ತು ಗಜದ ನೆಲದಲ್ಲಿ ಒಬ್ಬ ಸೋದರಮಾವ

ಲಕ್ಷ್ಮೇಶ್ವರದ ಹೊರಗೆ ಒಂದು ಬಯಲಿದೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹುಡುಗಿಯರು ಓಡುತ್ತಿರುತ್ತಾರೆ. ನಮ್ಮ ಶಿಗ್ಲಿಯವರು, ಬೆಳ್ಳಟ್ಟಿಯವರು, ಶಿರಹಟ್ಟಿಯಿಂದ ಮೊದಲ ಬಸ್ಸಿಗೆ ಬರುವವರು, ಮುಂಡರಗಿ ಕಡೆಯಿಂದ ಬಂದು ಇಲ್ಲಿಯೇ ಕೋಣೆ ಹಿಡಿದವರು. ಎಲ್ಲರಿಗೂ ಗಡಿ ಕಾಯುವ ಪಡೆ ಸೇರುವ ಆಸೆ. ನಾನು ಅಂಥ ಪಡೆಯಲ್ಲಿದ್ದು ನಿವೃತ್ತಳಾಗಿ ಬಂದವಳು ಎಂದು ಗೊತ್ತಾದ ಮೇಲೆ ನನ್ನನ್ನು ಬಿಡುತ್ತಿಲ್ಲ. ಓಟ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಸುತ್ತ ಕೂರುತ್ತಾರೆ.

"ಅಕ್ಕಾರ, ಗಡಿಯಾಗ ದಿನಾ ಗುಂಡು ಹಾರತಾವೇನ್ರಿ?" ಎಂದು ಮುಂಡರಗಿಯ ಹುಡುಗಿ ಕೇಳಿದಳು.

"ನಾ ಹಾರಿಸಿದ ಗುಂಡೆಲ್ಲಾ ತಾಲೀಮಿನ ಹಲಗಿಗೆ ಬಿದ್ದಾವು ತಂಗಿ. ಅದರಾಗೂ ಒಂದೀಟು ಹಲಗಿ ಬಿಟ್ಟು ಹೋಗ್ಯಾವು," ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಪಾಪ, ಸಿನಿಮಾ ನೋಡಿ ಬಂದವರು. ಅವರಿಗೆ ಆ ಕೆಲಸ ಖರೆ ಹೇಗಿರುತ್ತದೆ ಎಂದು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಪಟ್ಟಿ ತೋಳಿಗೇರಿತು ಎಂಬುದನ್ನು ಬರೆಯುವುದಿಲ್ಲ. ಅದು ಏರುವವರಿಗೆಲ್ಲ ಏರುತ್ತದೆ.

ನನ್ನ ಹೆಸರು ನೀಲವ್ವ. ಶಿಗ್ಲಿಯೇ ತವರು, ಶಿಗ್ಲಿಯೇ ಗಂಡನ ಮನೆ. ಅವ್ವನ ಕಡೇ ತಮ್ಮನಿಗೆ ನನ್ನನ್ನು ಕೊಟ್ಟರು. ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಹೊಸದೇನಲ್ಲ. ನನ್ನ ವಾರಿಗೆಯ ಎಷ್ಟೋ ಹೆಂಗಸರು ಹಾಗೆಯೇ ಆದವರು. ಹೀಗಾಗಿ ನನ್ನ ಅತ್ತೆ ಎಂದರೆ ನನ್ನ ಸ್ವಂತ ಅಜ್ಜಿ. ಅತ್ತೆಯ ಕಾಟ ನನಗೆ ಗೊತ್ತಿಲ್ಲ, ಅಜ್ಜಿಯ ಕಾಟ ಚೆನ್ನಾಗಿ ಗೊತ್ತು. ಗಂಡನನ್ನು ಸಣ್ಣಂದಿನಿಂದ ಮಾವ ಎಂದು ಕರೆದ ಬಾಯಿ ಈಗಲೂ ಹಾಗೆಯೇ ಕರೆಯುತ್ತದೆ.

ಮಾವನದು ಹಿಟ್ಟಿನ ಗಿರಣಿ. ಪಡೆಗೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂಬ ಖಬರು ತಂದವರು ಅವರೇ. ರೆಪ್ಪೆಯ ಮೇಲೂ ಜೋಳದ ಹಿಟ್ಟು ಕೂತಿತ್ತು. "ನೀಲಾ, ನಿನ್ನ ಕಾಲಾಗ ಓಟ ಐತಿ. ಈ ಗಿರಣ್ಯಾಗ ಕುಂತು ಅದನ್ನ ಹಿಟ್ಟು ಮಾಡಬ್ಯಾಡ," ಎಂದರು. ಮಗಳು ಆಗಿನ್ನೂ ತೊದಲು ಮಾತಾಡುತ್ತಿದ್ದಳು. ಅವಳನ್ನು ಅಜ್ಜಿಯ ಮಡಿಲಲ್ಲಿ ಹಾಕಿ ಗದಗಿನಲ್ಲಿ ರೈಲು ಹತ್ತಿದೆ. ಊರು ಸುಮ್ಮನಿರಲಿಲ್ಲ. ಗಂಡನ್ನ, ಕೂಸನ್ನ ಬಿಟ್ಟು ಗಂಡಸರ ನಡುವೆ ಇರಲು ಹೋದವಳು ಎಂದು ಗಿರಣಿಗೆ ಬಂದವರೇ ಮಾವನಿಗೆ ಕೇಳಿಸುವಂತೆ ಆಡಿಕೊಂಡರು. ಆಗೆಲ್ಲ ಮಾವ ಗಿರಣಿಯ ಸಪ್ಪಳ ಜೋರು ಮಾಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಅಜ್ಜಿ. ಮಾವ ಒಂದು ದಿನವೂ ಹೇಳಲಿಲ್ಲ.

ನನ್ನನ್ನು ನೇಪಾಳದ ಗಡಿಗೆ ಹಾಕಿದರು. ಗಡಿ ಎಂದರೆ ಮುಳ್ಳುತಂತಿ, ಎತ್ತರದ ಗೋಡೆ, ಆ ಕಡೆ ಒಬ್ಬ ದುಶ್ಮನ್ ಎಂದು ನಾನು ತಿಳಿದಿದ್ದೆ. ಹೋಗಿ ನೋಡಿದರೆ ಭತ್ತದ ಗದ್ದೆ. ಗದ್ದೆಯ ನಡುವೆ ಅಲ್ಲೊಂದು ಇಲ್ಲೊಂದು ಸುಣ್ಣ ಬಳಿದ ಗಡಿಕಂಬ. ಕಂಬಗಳ ಉದ್ದಕ್ಕೂ ಯಾರಿಗೂ ಸೇರದ ಒಂದು ಪಟ್ಟಿ ನೆಲ. ದಶಗಜ ಅನ್ನುತ್ತಾರೆ, ಹತ್ತು ಗಜದ ಜಾಗ. ಅದರ ಮೇಲೆ ಎರಡೂ ದೇಶದ ಆಡುಗಳು ಮೇಯುತ್ತಿದ್ದವು. ಎರಡೂ ದೇಶದವರು ಯಾವ ಪಾಸ್‌ಪೋರ್ಟೂ ಇಲ್ಲದೆ ಅತ್ತಿತ್ತ ಓಡಾಡಬಹುದು. ಇತ್ತ ಮಗಳು, ಅತ್ತ ಅಳಿಯ. ಇತ್ತ ಸಂತೆ, ಅತ್ತ ಗಿರಾಕಿ. ಗದಗ ಎಲ್ಲಿ ಮುಗಿದು ಬೆಟಗೇರಿ ಎಲ್ಲಿ ಶುರುವಾಗುತ್ತದೆ ಎಂದು ಹೊಸಬರಿಗೆ ತೋರಿಸುವುದು ಎಷ್ಟು ಕಷ್ಟವೋ, ಅಲ್ಲಿ ಎರಡು ದೇಶಗಳ ಕಥೆಯೂ ಅಷ್ಟೇ.

ಹಾಗಾದರೆ ನಮಗೇನು ಕೆಲಸ? ನನ್ನ ಮೊದಲ ಸಾಹೇಬರು, ರಾಜಸ್ಥಾನದ ಕಡೆಯ ಇನ್ಸ್‌ಪೆಕ್ಟರ್, ಅದನ್ನು ಒಂದೇ ಮಾತಿನಲ್ಲಿ ಹೇಳಿದರು. ಅಲ್ಲಿನವರೆಲ್ಲ ಆಡುತ್ತಿದ್ದದ್ದು ಹಿಂದಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ಇಲ್ಲಿ ದಾಟವ್ರು ನೂರು ಮಂದಿ ಇದ್ರ ತೊಂಬತ್ತೊಂಬತ್ತು ಮಂದಿ ಬೀಗರು. ಅವ್ರಿಗೆ ತ್ರಾಸ ಕೊಡಬಾರದು. ಉಳಿದ ಒಬ್ಬಾಕಿನ್ನ ಬಿಡಬಾರದು. ಯಾರನ್ನ ನಿಲ್ಲಿಸಿದ್ರೂ ಮೊದಲ ನೀರು ಕೊಡು, ಆಮ್ಯಾಲ ಕೇಳು." ಅವರು ಮೀಸೆಯಿಂದ ಹುಲಿ, ಒಳಗಿನಿಂದ ಹಸು. ಮಗಳ ನೆನಪಾಗಿ ನಾನು ಒಲೆಯ ಮುಂದೆ ಅಳುತ್ತಿದ್ದುದನ್ನು ಒಮ್ಮೆ ನೋಡಿ, ಏನೂ ಕೇಳದೆ, ಮರುದಿನ ನನ್ನ ರಜೆಯ ಅರ್ಜಿಯನ್ನು ತಾವೇ ಬರೆದು ಸಹಿಗೆ ಕಳಿಸಿದ್ದರು.

ಆ ಒಬ್ಬಾಕೆ ಎಂದರೆ ಯಾರು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಗುಡ್ಡದ ಮೇಲಿನ ಹಳ್ಳಿಗಳಿಂದ ನೌಕರಿ ಕೊಡಿಸುತ್ತೇನೆ, ಮದುವೆಯಾಗುತ್ತೇನೆ ಎಂದು ಹುಡುಗಿಯರನ್ನು ನಂಬಿಸಿ ಕರೆತಂದು, ನಮ್ಮ ದೊಡ್ಡ ಊರುಗಳಲ್ಲಿ ಮಾರುವವರಿದ್ದಾರೆ. ತೆರೆದ ಗಡಿ ಬೀಗರಿಗೆ ಎಷ್ಟು ಸುಲಭವೋ ಅವರಿಗೂ ಅಷ್ಟೇ ಸುಲಭ. ಹುಡುಗಿ ಕಂಬ ದಾಟಿ ರೈಲು ಹತ್ತಿದರೆ ಮುಗಿಯಿತು, ಸಮುದ್ರಕ್ಕೆ ಬಿದ್ದ ಉಂಗುರ.

ಅವರನ್ನು ಗುರುತಿಸಲು ನನಗೆ ಕಲಿಸಿದವಳು ನಮ್ಮ ಪಡೆಯವಳಲ್ಲ. ನಮ್ಮ ಠಾಣೆಯ ಎದುರಿಗೇ, ದಶಗಜದ ಆಚೆ, ನೇಪಾಳದ ಪೊಲೀಸ್ ಚೌಕಿ. ಅಲ್ಲಿ ಕಮಲಾ ಎಂಬ ಹವಾಲ್ದಾರ್ ಇದ್ದಳು. ನನಗಿಂತ ಹಿರಿಯಳು, ಗಿಡ್ಡ, ಬೆಳ್ಳಗೆ ದುಂಡಗೆ, ನಕ್ಕರೆ ಕಣ್ಣು ಪೂರಾ ಮುಚ್ಚುತ್ತಿದ್ದವು. ನಾನು ದೀದಿ ಎನ್ನುತ್ತಿದ್ದೆ. ಎರಡೂ ಕಡೆಯ ಅಧಿಕಾರಿಗಳು ಆಗಾಗ ಸಭೆ ಸೇರುತ್ತಿದ್ದರು. ಒಮ್ಮೆ ಅತ್ತ, ಒಮ್ಮೆ ಇತ್ತ. ಅವರು ಒಳಗೆ ಕೂತು ಸಹಕಾರ, ಸಮನ್ವಯ ಎಂದು ಮಾತಾಡುವಾಗ ನಾವಿಬ್ಬರು ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಸಹಕಾರ ಶುರುವಾದದ್ದು ಆ ಕಟ್ಟೆಯ ಮೇಲೆ ಎಂದು ನನ್ನ ಎಣಿಕೆ. ನಾನು ಊರಿನಿಂದ ತಂದ ಕಡಕ್ ರೊಟ್ಟಿಯನ್ನು ಅವಳು ಹಪ್ಪಳವೆಂದು ತಿಳಿದು ಬರೀ ಬಾಯಲ್ಲೇ ಮುರಿದು ತಿಂದಳು. ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಮೇಲೆ ನನ್ನ ರಜೆಯ ದಿನಗಳನ್ನು ನನಗಿಂತ ಹೆಚ್ಚು ಅವಳೇ ನೆನಪಿಡುತ್ತಿದ್ದಳು.

"ಮಾರಿ ನೋಡಬ್ಯಾಡ ನೀಲಾ, ಕಾಲು ನೋಡು," ಎನ್ನುತ್ತಿದ್ದಳು ದೀದಿ. "ಮಾರಿಗೆ ಸುಳ್ಳು ಹೇಳೂದು ಕಲಿಸಿ ತಂದಿರ್ತಾರ. ಹರಕ ಅಂಗಿ ಮ್ಯಾಲ ಹೊಸಾ ಚಪ್ಪಲ ಇದ್ರ ಅದನ್ನ ಕೊಡಿಸಿದಾಂವ ಯಾರು ಅಂತ ಕೇಳು."

ಈ ಪಾಠ ತಲೆಗೇರಿ ಒಮ್ಮೆ ಹೊಸ ಚಪ್ಪಲಿ ಹಾಕಿದ್ದ ಒಬ್ಬ ಮದುಮಗಳನ್ನು ದಿಬ್ಬಣದ ಸಮೇತ ನಿಲ್ಲಿಸಿಬಿಟ್ಟೆ. ಮದುಮಗಳಲ್ಲದೆ ಇನ್ಯಾರು ಹೊಸ ಚಪ್ಪಲಿ ಹಾಕಬೇಕು? ಮುಹೂರ್ತ ಮೀರುತ್ತದೆ ಎಂದು ಬೀಗರು ಬಾಯಿ ಮಾಡಿದರು. ಸಾಹೇಬರು ಬಂದು ಕೈಮುಗಿದು ಕಳಿಸಿದರು. ಸಂಜೆ ಆ ಮನೆಯವರೇ ಒಂದು ಬುಟ್ಟಿ ಸಿಹಿ ಕಳಿಸಿದರು. ದೀದಿ ಅದನ್ನು ತಿನ್ನುತ್ತ ನಕ್ಕು ನಕ್ಕು ಕಣ್ಣೇ ತೆರೆಯಲಿಲ್ಲ.

ಆ ಕಾಲಕ್ಕೆ ಒಂದು ತೊಡಕಿತ್ತು. ಹುಡುಗಿ ಕಾಣೆಯಾದರೆ ಅತ್ತಲಿನ ಚೌಕಿಯವರು ತಮ್ಮ ಮೇಲಿನವರಿಗೆ ಬರೆಯಬೇಕು, ಅದು ರಾಜಧಾನಿಗೆ ಹೋಗಿ, ನಮ್ಮ ರಾಜಧಾನಿಗೆ ಬಂದು, ಕೆಳಗಿಳಿದು ಎದುರಿನ ಠಾಣೆಗೆ ತಲುಪಬೇಕು. ಕೂಗಿದರೆ ಕೇಳುವ ದೂರದಲ್ಲಿದ್ದವರು ನಾವು. ಕಾಗದ ಬರುವಷ್ಟರಲ್ಲಿ ಹುಡುಗಿ ಎಲ್ಲಿರುತ್ತಿದ್ದಳೋ. ಆಮೇಲೆ ಎರಡೂ ಕಡೆಯ ದೊಡ್ಡವರು ಒಪ್ಪಿ, ಠಾಣೆಗಳು ನೇರವಾಗಿ ಫೋನಿನಲ್ಲಿ ಮಾತಾಡಬಹುದು, ಫೋಟೋ ಕಳಿಸಬಹುದು, ದಶಗಜದ ಮೇಲೆ ಕೂಡಿಯೇ ಗಸ್ತು ತಿರುಗಬಹುದು ಎಂದು ಮಾಡಿದರು. ಈಗ ಸೇರುವವರಿಗೆ ಇದು ಸಾಮಾನ್ಯ ಎನ್ನಿಸಬಹುದು. ನಮಗೆ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದಂತಾಗಿತ್ತು.

ಸರಿತಾ ಎಂಬ ಹುಡುಗಿಯ ಸಂಗತಿ ನಡೆದದ್ದು ಅದಾದ ಮೇಲೆಯೇ. ಅದಕ್ಕೇ ಅವಳು ಉಳಿದಳು.

ಒಂದು ಬೆಳಿಗ್ಗೆ ಒಬ್ಬ ಗಂಡಸು, ಜೊತೆಗೆ ಹದಿನಾರು ಹದಿನೇಳರ ಹುಡುಗಿ ಬಂದರು. ದೀದಿ ಆ ಹೊತ್ತು ಚೌಕಿಯಲ್ಲಿರಲಿಲ್ಲ. ನಾನು ನೀರು ಕೊಟ್ಟು ಕೇಳಿದೆ. ಗಂಡಸು, "ನಮ್ಮಕ್ಕನ ಮಗಳ್ರಿ," ಎಂದ. ಹುಡುಗಿಯನ್ನು ಬೇರೆ ಕರೆದು ಕೇಳಿದೆ. "ಮಾಮಾ," ಎಂದಳು. ಎಲ್ಲಿಗೆ ಹೊರಟಿದ್ದೀರಿ ಎಂದರೆ ತಲೆ ತಗ್ಗಿಸಿದಳು. ಕೆನ್ನೆ ಕೆಂಪಾಯಿತು. ಬಹಳ ಕೇಳಿದ ಮೇಲೆ, ಅವರನ್ನೇ ಮದುವೆಯಾಗುತ್ತೇನೆ, ಪಟ್ಟಣದಲ್ಲಿ ಮದುವೆ ಎಂದಳು.

ನಮ್ಮ ಠಾಣೆಯಲ್ಲಿ ಬೇರೆ ಯಾರಿದ್ದರೂ ಅಲ್ಲಿಗೇ ಹಿಡಿದು ಕೂರಿಸುತ್ತಿದ್ದರು. ಪಂಜಾಬದವಳಿರಲಿ, ಬಿಹಾರದವಳಿರಲಿ, ಮಾಮಾನ ಜೊತೆ ಮದುವೆ ಎಂದರೆ ಹೌಹಾರುತ್ತಿದ್ದಳು. ಅಂದು ಅಲ್ಲಿದ್ದವಳು ಶಿಗ್ಲಿಯ ನೀಲವ್ವ. ನನ್ನ ಕಿವಿಗೆ ಎರಡೂ ಮಾತು ಕೂಡಿಕೊಂಡವು. ಅಕ್ಕನ ಮಗಳು, ಮಾವ, ಮದುವೆ: ಇದರಲ್ಲೇನು ತಪ್ಪು, ನನ್ನದೇ ಕಥೆ! ಆ ಕೆಂಪಾದ ಕೆನ್ನೆ ನೋಡಿ ನನಗೆ ನನ್ನ ನಿಶ್ಚಯದ ದಿನ ನೆನಪಾಯಿತು. "ನಂದೂ ಹಿಂಗ ಐತಿ ನೋಡ. ಮಾವ ಆದಾಂವ ಚಲೋ ನೋಡಿಕೊಳ್ತಾನ," ಎಂದು ಬೆನ್ನು ಸವರಿ ಕಳಿಸಿಕೊಟ್ಟೆ. ಹುಡುಗಿ ಬೆಪ್ಪಾಗಿ ನನ್ನನ್ನೇ ನೋಡುತ್ತ ಹೋದಳು.

ದೀದಿ ಚಹಾದ ಹೊತ್ತಿಗೆ ಬಂದಳು. ನಾನು ಖುಷಿಯಿಂದ ಹೇಳಿದೆ: ನಿಮ್ಮಲ್ಲೂ ಸೋದರಮಾವನಿಗೆ ಕೊಡುತ್ತೀರಿ ಎಂದು ಗೊತ್ತಿರಲಿಲ್ಲ, ಇಂದು ಅಂಥ ಜೋಡಿಯೊಂದು ಹೋಯಿತು. ದೀದಿ ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಏನಂದಿ? ಹುಚ್ಚಿ, ನಮ್ಮ ಗುಡ್ಡದಾಗ ಮಾಮಾ ಅಂದ್ರ ಭಾಣಜಿ ಕಾಲಿಗೆ ಬೀಳತಾನ. ಅಕ್ಕನ ಮಗಳು ಅಂದ್ರ ಅವಂಗ ದೇವ್ರು. ಮದವಿ ಅಂತ ಬಾಯಾಗ ಬರಬಾರದು. ಯಾವ ಕಡೆ ಹ್ವಾದ್ರು?"

ನಾನು ಪಟ್ಟಣದ ದಾರಿ ತೋರಿಸಿ ಸಾಹೇಬರ ಕೋಣೆಗೆ ಓಡಿದೆ. ದೀದಿ ನನ್ನನ್ನು ಬೈಯಲಿಲ್ಲ, ಬೈಯಲು ಸಮಯವಿರಲಿಲ್ಲ. ಸಾಹೇಬರು ರೈಲು ನಿಲ್ದಾಣಕ್ಕೆ, ಬಸ್ ನಿಲ್ದಾಣಕ್ಕೆ ಫೋನು ಮಾಡಿದರು. ಜೀಪು ಹೊರಟಿತು. ಹುಡುಗಿ ನಮ್ಮ ಸಮವಸ್ತ್ರವನ್ನು ನಂಬುವುದಿಲ್ಲ, ಅವಳ ಮಾತು ಆಡುವವರು ಬೇಕು ಎಂದು ದೀದಿ ತಾನೂ ಬರುತ್ತೇನೆಂದಳು. ಆದರೆ ಆ ದೇಶದ ಪೊಲೀಸಿನವಳು ಸಮವಸ್ತ್ರದಲ್ಲಿ ನಮ್ಮ ದೇಶದೊಳಗೆ ಬರುವಂತಿಲ್ಲ. ಅವಳ ಸಾಹೇಬರು ಫೋನಿನಲ್ಲೇ ಒಪ್ಪಿದರು: ಸಾದಾ ಉಡುಪಿನಲ್ಲಿ, ಸಾದಾ ಹೆಂಗಸಾಗಿ ಹೋಗಿ ಬಾ. ಪಕ್ಕದ ಚಹಾ ಅಂಗಡಿಯಾಕೆ ತನ್ನ ಒಣಹಾಕಿದ್ದ ಸೀರೆ ಕೊಟ್ಟಳು. ದೀದಿ ಅದನ್ನು ಹೇಗೋ ಸುತ್ತಿಕೊಂಡು ಜೀಪು ಹತ್ತಿದಳು. ಬೂಟು ಬದಲಿಸುವುದು ಮರೆತಿದ್ದಳು.

ದಾರಿಯುದ್ದಕ್ಕೂ ನಾನು ನಮ್ಮೂರ ದೇವರನ್ನೆಲ್ಲ ಕರೆದೆ.

ನಿಲ್ದಾಣದಲ್ಲಿ ಅವರಿಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದರು. ಹುಡುಗಿ ಬಿಸ್ಕೀಟು ತಿನ್ನುತ್ತಿದ್ದಳು. ರೈಲು ಇನ್ನೂ ಬಂದಿರಲಿಲ್ಲ. ದೀದಿ ಹೋಗಿ ಅವಳ ಪಕ್ಕ ಕೂತು ನೇಪಾಳಿಯಲ್ಲಿ ಯಾವೂರು, ಏನು ಎಂದು ಶುರುಮಾಡಿದಳು. ಗಂಡಸು ನಗುತ್ತಲೇ ಹೇಳಿದ: ಈಕೆ ನನ್ನ ಭಾಣಜಿ, ನಾನೂ ಅದೇ ಗುಡ್ಡದವನು.

"ಹಂಗಾರ ಬಾಳ ಚಲೋ ಆತು ಮಾಮಾ," ಎಂದಳು ದೀದಿ. "ಭಾಣಜಿ ದೂರ ಹೊಂಟಾಳ. ನಮ್ಮ ಮಂದಿ ಮಾಡೂ ಮರ್ಯಾದಿ ಆಕಿಗೆ ಮಾಡ್ರಿ. ನಾನೂ ಕಣ್ಣು ತುಂಬ ನೋಡತೀನಿ."

ಅವನು ಒಂದು ಕ್ಷಣ ತಡೆದ. ಆಮೇಲೆ ದೊಡ್ಡವರ ಗತ್ತಿನಲ್ಲಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ.

ಹುಡುಗಿ ಬಿಸ್ಕೀಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವನನ್ನು ನೋಡಿದಳು. ಅವನು ನಿಜವಾದ ಮಾಮಾ ಅಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು; ಠಾಣೆಯಲ್ಲಿ ಹಾಗೆ ಹೇಳು ಎಂದು ಅವನೇ ಕಲಿಸಿದ್ದ. ಆದರೆ ತಾನು ಆಚೆ ಗುಡ್ಡದವನು, ನಿಮ್ಮದೇ ಜನ, ನಿನ್ನನ್ನು ಮದುವೆಯಾಗುವವನು ಎಂದು ಹೇಳಿದ್ದನಲ್ಲ, ಅದು ಸುಳ್ಳು ಎಂದು ಗೊತ್ತಾದದ್ದು ಆಗ. ಅವಳ ಗುಡ್ಡದಲ್ಲಿ ಹುಟ್ಟಿದ ಯಾವ ಗಂಡಸಿಗೂ ಮಾಮಾನ ಕೈ ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ. ಅವಳು ಬೆಂಚಿನಿಂದ ಎದ್ದು ದೀದಿಯ ಹಿಂದೆ ಹೋಗಿ ನಿಂತಳು. ಅವನು ಸೀರೆಯ ಕೆಳಗಿನ ಬೂಟು ನೋಡಿ ಓಡತೊಡಗಿದ. ರೈಲ್ವೆ ಪೊಲೀಸರು ಮೆಟ್ಟಿಲ ಹತ್ತಿರವೇ ಹಿಡಿದರು. ಅವನ ಕಥೆ ಕೋರ್ಟಿನದು, ಇಲ್ಲಿ ಬೇಡ.

ಹುಡುಗಿ ಸಿಕ್ಕಳು ಎಂದರೆ ಕೆಲಸ ಮುಗಿಯಿತು ಎಂದು ನೀವು ತಿಳಿಯುತ್ತೀರಿ. ಅರ್ಧವೂ ಮುಗಿದಿರುವುದಿಲ್ಲ. ನಮ್ಮ ಕಡೆಯ ಮಕ್ಕಳ ಸಮಿತಿಯವರು ಸರಿತಾಳನ್ನು ಆಶ್ರಯಧಾಮದಲ್ಲಿ ಇರಿಸಿದರು. ಎರಡೂ ಕಡೆ ಕಾಗದಗಳು ತಯಾರಾದವು. ದೀದಿ ಅವಳ ಊರಿಗೆ ಖಬರು ಮುಟ್ಟಿಸಿದಳು. ಆದರೆ ಹುಡುಗಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕೂತಳು.

ನಾನು ದಿನಾ ಡ್ಯೂಟಿ ಮುಗಿಸಿ ಹೋಗುತ್ತಿದ್ದೆ. ಯಾರೂ ಹೇಳಿರಲಿಲ್ಲ, ಮನಸ್ಸು ತಡೆಯುತ್ತಿರಲಿಲ್ಲ. ಒಂದು ಸಂಜೆ ಅರೆಬರೆ ಹಿಂದಿಯಲ್ಲಿ ಬಾಯಿ ಬಿಟ್ಟಳು.

"ನನ್ನ ಕಳಸಬ್ಯಾಡ ಅಕ್ಕಾ. ಒಬ್ಬ ಗಂಡಸಿನ ಜೋಡಿ ಓಡಿಹೋದಾಕಿ ನಾನು. ಮನ್ಯಾಗ ಸೇರಿಸೂದಿಲ್ಲ. ಸೇರಿಸಿದ್ರೂ ಊರು ಬದುಕಾಕ ಬಿಡೂದಿಲ್ಲ. ಇಲ್ಲೇ ಎಲ್ಲರ ಪಾತ್ರಿ ತಿಕ್ಕೊಂಡು ಇರತೀನಿ."

ನಾನು ಧೈರ್ಯ ಹೇಳಿದೆ, ಆದರೆ ನನ್ನ ದನಿಯಲ್ಲೇ ಧೈರ್ಯವಿರಲಿಲ್ಲ. ಊರು ಏನೆನ್ನುತ್ತದೆ ಎಂಬುದು ನನಗೂ ಗೊತ್ತಿತ್ತು. ಯಾವ ತಪ್ಪೂ ಮಾಡದೆ, ಸರ್ಕಾರದ ನೌಕರಿಗೆ ಬಂದ ನನ್ನನ್ನೇ ನಮ್ಮೂರು ಬಿಟ್ಟಿರಲಿಲ್ಲ. ರಜೆಗೆ ಹೋದಾಗ ಬಾವಿಕಟ್ಟೆಯಲ್ಲಿ ನನ್ನನ್ನು ನೋಡಿ ಮಾತು ನಿಲ್ಲಿಸುವವರಿದ್ದರು. ಈ ಕೂಸಿನ ಗತಿಯೇನು?

ಅವಳ ಅಪ್ಪ ಪರದೇಶದಲ್ಲಿ ಕೂಲಿಗಿದ್ದ. ತಾಯಿ ಹಾಸಿಗೆ ಹಿಡಿದಿದ್ದಳು. ಕರೆದೊಯ್ಯಲು ಬರುವವನು ಅವಳ ಸ್ವಂತ ಮಾಮಾ ಎಂದು ಖಬರು ಬಂತು. ಅದನ್ನು ಕೇಳಿ ಸರಿತಾ ಇನ್ನೂ ಮುದುಡಿದಳು. ಮಾಮಾನ ಹೆಸರು ಹೇಳಿಯೇ ತಾನು ಸುಳ್ಳಾಡಿದ್ದು. ಇನ್ನು ಅವನ ಮುಖ ಹೇಗೆ ನೋಡಲಿ ಎಂದು ಅತ್ತಳು.

ಒಪ್ಪಿಸುವ ದಿನ ದಶಗಜದ ಮೇಲೆ ಇತ್ತ ನಾವು, ಅತ್ತ ಅವರು. ನಡುವೆ ಒಂದು ಮೇಜು, ಅದರ ಮೇಲೆ ಸಹಿಗೆ ಕಾಗದ. ನಮ್ಮಲ್ಲಿ ಮಗಳನ್ನು ಬರೀ ಉಡಿಯಲ್ಲಿ ಕಳಿಸುವುದಿಲ್ಲ. ನನ್ನ ಟ್ರಂಕಿನಲ್ಲಿ ಮಾವ ಬೆಟಗೇರಿ ಪೇಟೆಯಿಂದ ತಂದುಕೊಟ್ಟಿದ್ದ ಒಂದು ಕುಬಸದ ಖಣವಿತ್ತು. ಅದು, ನಮ್ಮ ಅಡುಗೆಮನೆಯ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ಉಂಡೆ ಬೆಲ್ಲ. ಸರಿತಾ ಶಾಲು ಒಡ್ಡಿದಳು, ನಾನು ಉಡಿ ತುಂಬಿದೆ. ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ, ಆದರೆ ಶಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರು ಮೀಸೆ ತಿರುವಿ, "ನೀಲವ್ವಾ, ನನ್ನ ಕಣ್ಣ ಮುಂದ ಗಡಿ ದಾಟಿಸಿ ಅಕ್ಕಿ ಸಾಗಸಾಕತ್ತಿ ಅಲ್ಲ," ಎಂದು ಆಚೆ ತಿರುಗಿ ನಿಂತರು.

ಮಾಮಾ ಬಂದ. ಸಣ್ಣ ದೇಹದ ಗಂಡಸು, ತಲೆಗೆ ಟೋಪಿ, ಹೆಗಲಿಗೆ ಚೀಲ. ಬಸ್ಸಿನಲ್ಲಿ ಕೂತು ಕೂತು ಬಟ್ಟೆ ಮುದ್ದೆಯಾಗಿತ್ತು. ಅವನ ಮುಖದಲ್ಲಿ ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಹುಡುಗಿಯ ಮುಂದೆ ಬಂದು ನಿಂತ. ಕೈ ಎತ್ತಿದ. ಬಡಿಯಲು ಎಂದೇ ನಾನು ತಿಳಿದೆ. ಒಂದು ಹೆಜ್ಜೆ ಮುಂದಿಟ್ಟೆ. ದೀದಿ ನನ್ನ ತೋಳು ಹಿಡಿದಳು.

ಅವನು ಎತ್ತಿದ ಕೈಯಿಂದ ಟೋಪಿ ತೆಗೆದ. ಮಂಡಿಯೂರಿ, ಎರಡೂ ಕಡೆಯ ಪೊಲೀಸರ, ಎರಡೂ ದೇಶದ ಅಧಿಕಾರಿಗಳ ಎದುರಿಗೆ, ಆ ಹುಡುಗಿಯ ಕಾಲಿಗೆ ಹಣೆ ಹಚ್ಚಿದ.

ಸರಿತಾ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಮಾಮಾ, ನಾ ಅದಕ್ಕ ಲಾಯಕ್ ಉಳದಿಲ್ಲ," ಎಂದಳಂತೆ; ದೀದಿ ನನ್ನ ಕಿವಿಯಲ್ಲಿ ಹೇಳಿದಳು. ಅವನು ತಲೆಯೆತ್ತದೆ, ನೆಲ ನೋಡುತ್ತಲೇ ಉತ್ತರ ಕೊಟ್ಟ. "ಲಾಯಕ್ ಏನು ಅಂತ ನೀ ಹೇಳಬ್ಯಾಡವ್ವಾ. ನೀ ಹುಟ್ಟಿದ ದಿನಾನ ಬಿದ್ದೀನಿ ಈ ಕಾಲಿಗೆ. ತಾ ಇಲ್ಲೆ." ಅವಳು ಅಳುತ್ತ, ಉಡಿಯ ಶಾಲನ್ನು ಬಿಡದೆ, ಕಾಲನ್ನು ಮೊದಲಿದ್ದಲ್ಲಿಗೇ ತಂದಿಟ್ಟಳು. ಅವನು ಮತ್ತೆ ಹಣೆ ಹಚ್ಚಿದ. ನಾನು ಅಲ್ಲಿಯೇ ಬಾಯಿಗೆ ನನ್ನ ಟೋಪಿ ಅಡ್ಡ ಹಿಡಿದು ಅತ್ತೆ. ಸಾಹೇಬರು ಇನ್ನೂ ಆಚೆ ತಿರುಗಿಯೇ ನಿಂತಿದ್ದರು.

ಅಂದು ಸಂಜೆ ಮಾವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಗಿರಣಿ ನಿಲ್ಲಿಸಿ ಕೇಳಿದರು. ಕಡೆಗೆ ನಾನೇ ಮನಸ್ಸು ಹಗುರ ಮಾಡಿಕೊಳ್ಳಲು, "ನೀವು ಆ ದೇಶದಾಗ ಹುಟ್ಟಿದ್ರ ಲಗ್ನದ ಬದ್ಲಿ ನನ್ನ ಕಾಲಿಗೆ ಬೀಳಬೇಕಿತ್ತು ನೋಡ್ರಿ ಮಾವ," ಎಂದು ಕಾಡಿಸಿದೆ.

"ಆತ ತಗೋ, ಗಿರಣಿ ಬಂದ್ ಮಾಡಿದ ದಿನ ಬಂದು ಬೀಳತೀನಿ. ಸದ್ಯಕ್ಕ ಚೆನ್ನಮ್ಮಾಯಿ ಜ್ವಾಳ ಬೀಸೂದೈತಿ, ಇಡು ಫೋನು," ಎಂದರು.

ಮುಂದೆ ನಮ್ಮ ಠಾಣೆಯಲ್ಲಿ ಇದು ಒಂದು ಪದ್ಧತಿಯೇ ಆಯಿತು. ಮಾಮಾ ಎಂದವನನ್ನು ಕಂಡರೆ ಹೊಸ ಹುಡುಗರು ಕಾಲಿಗೆ ಬೀಳು ಎನ್ನತೊಡಗಿದರು. ಒಮ್ಮೆ ಒಬ್ಬ ಮರ್ಯಾದಸ್ಥ ಮಾವನನ್ನು ಹಾಗೆ ಕಾಡಿ, ಅವರ ಜನದಲ್ಲಿ ಆ ರೂಢಿಯೇ ಇಲ್ಲವೆಂದು ದೀದಿ ಬಂದು ಬಿಡಿಸಬೇಕಾಯಿತು. ಅಲ್ಲಿಯೂ ಊರಿಗೊಂದು ರೂಢಿ, ಜನಕ್ಕೊಂದು ರೂಢಿ. ಆದ್ದರಿಂದ ತಂಗಿಯರೇ, ಇದನ್ನು ಸೂತ್ರದಂತೆ ಬಾಯಿಪಾಠ ಮಾಡಬೇಡಿ. ನಿಮ್ಮೂರಿನ ಕಣ್ಣಿನಿಂದ ಇನ್ನೊಬ್ಬರ ಊರನ್ನು ನೋಡಿದರೆ ನನ್ನಂತೆ ಮುಗ್ಗರಿಸುತ್ತೀರಿ. ಎದುರಿನ ಚೌಕಿಯಲ್ಲಿ ಒಬ್ಬಳನ್ನು ಗೆಳತಿ ಮಾಡಿಕೊಳ್ಳಿ, ಅವಳನ್ನು ಕೇಳಿ. ತಾಲೀಮಿನಲ್ಲಿ ಇದೊಂದನ್ನು ಕಲಿಸುವುದಿಲ್ಲ.

ಸೇವೆ ಮುಗಿದ ದಿನ ದೀದಿ ದಶಗಜದ ಮೇಲೆ ಬಂದು ನಿಂತಳು. ಅವಳೂ ಅಷ್ಟರಲ್ಲಿ ನಿವೃತ್ತಳಾಗಿ ಮಗನ ಮನೆಯಲ್ಲಿದ್ದಳು. ನನಗಾಗಿ ಬಸ್ಸು ಹತ್ತಿ ಬಂದಿದ್ದಳು. ಸೆರಗು ಒಡ್ಡಿ, "ನನ್ನ ಉಡಿ ತುಂಬೂದಿಲ್ಲೇನ?" ಎಂದಳು. ನನ್ನ ಕೈಯಲ್ಲಿ ಬರೀ ಪ್ರಯಾಣಕ್ಕೆಂದು ಇಟ್ಟುಕೊಂಡಿದ್ದ ಕಡಕ್ ರೊಟ್ಟಿ ಇತ್ತು. ಅದನ್ನೇ ತುಂಬಿದೆ. ಸರಿತಾ ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿದ್ದಾಳೆ, ಆ ಖಣದ ಕುಬಸ ಹೊಲಿಸಿ ಮದುವೆಯಲ್ಲಿ ತೊಟ್ಟಿದ್ದಳು ಎಂದು ದೀದಿ ಹೇಳಿದಳು.

ಗದಗಿನಲ್ಲಿ ರೈಲು ಇಳಿದು, ಲಕ್ಷ್ಮೇಶ್ವರದ ಬಸ್ಸು ಹಿಡಿದು ಶಿಗ್ಲಿಗೆ ಬಂದೆ. ಮಾವ ನಿಲ್ದಾಣಕ್ಕೆ ಬಂದಿರಲಿಲ್ಲ. ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸಿತು. ಓಣಿಯಲ್ಲಿ ಬರುವಾಗ ಗಿರಣಿಯ ಸಪ್ಪಳ ಕೇಳಲಿಲ್ಲ. ಬಾಗಿಲು ಹಾಕಿತ್ತು. ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಒಂದು ಕಾಲಕ್ಕೆ ನನ್ನನ್ನು ಆಡಿಕೊಂಡವರೂ ಇದ್ದರು. ಮಗಳು ಆರತಿ ಹಿಡಿದಿದ್ದಳು, ಅಜ್ಜಿ ಕೋಲು ಊರಿ ಹೊಸ್ತಿಲಲ್ಲಿ ಕೂತಿದ್ದಳು.

ಮಾವ ತಂಬಿಗೆಯಲ್ಲಿ ನೀರು ತಂದರು. ದೂರದಿಂದ ಬಂದವರ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ವಾಡಿಕೆ. ಕೈಗೆ ಕೊಡುತ್ತಾರೆ ಎಂದು ನಾನು ಕೈ ಚಾಚಿದೆ. ಅವರು ಕೊಡದೆ, ತಾವೇ ಬಗ್ಗಿ ನನ್ನ ಕಾಲಿಗೆ ಹೊಯ್ದರು. ತಂಬಿಗೆ ಪಕ್ಕಕ್ಕಿಟ್ಟರು. ಎದ್ದೇಳಲಿಲ್ಲ.

"ಏ ಮಂಗ್ಯಾ, ಹೇಣ್ತಿ ಕಾಲಿಗೆ ಬೀಳಾಕತ್ತಿಯೇನೋ?" ಎಂದು ಅಜ್ಜಿ ಕೋಲು ಕುಟ್ಟಿದಳು.

"ಹೇಣ್ತಿ ಕಾಲಿಗೆ ಅಲ್ಲಬೇ," ಎಂದರು ಮಾವ, ಎಲ್ಲರಿಗೂ ಕೇಳಿಸುವಂತೆ. "ಅಕ್ಕನ ಮಗಳ ಕಾಲಿಗೆ. ನಾ ಮೊದಲ ಈಕಿ ಮಾವ, ಗಂಡ ಆಗಿದ್ದು ಆಮ್ಯಾಲ."

ಅವರ ನೆತ್ತಿಯ ಕೂದಲು ಬೆಳ್ಳಗಿತ್ತು. ಹಿಟ್ಟೆಂದು ಒರೆಸಲು ಕೈ ಚಾಚಿದೆ, ಹಿಟ್ಟಲ್ಲ. ಒದ್ದೆ ಪಾದದ ಮೇಲೆ ಅವರ ಹಣೆ ಬೆಚ್ಚಗೆ ತಾಗಿತು. ಓಣಿಯೆಲ್ಲ ನೋಡುತ್ತಿತ್ತು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.